ಕ್ರೈಸ್ತ ಮನೆಯ ಊಟದ ಮೇಜಿನ ಬಳಿ ಯಾರಿಗೆ ಕುರ್ಚಿ?

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ಸಿಗೆ ಕೆಲವೇ ವಾರಗಳು ಉಳಿದಿರುವ ಈ ಹೊತ್ತಿನಲ್ಲಿ ನಮ್ಮ ಕ್ರೈಸ್ತ ಮನೆಗಳ ಆತಿಥ್ಯದ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹಂಚಿಕೊಳ್ಳಲು ಬಯಸುತ್ತೇನೆ. ನಾನು ಮಂಗಳೂರಿನವಳು, ಇಲ್ಲಿನ ಪ್ರಾಟೆಸ್ಟೆಂಟ್ ಸಭೆಯೊಂದಕ್ಕೆ, ಅಂದರೆ ಚರ್ಚಿಗೆ, ಸೇರಿದವಳು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಇದು ಸಭೆಯ ಒಳಗಿನ ಮಾತಲ್ಲವೇ, ಪತ್ರಿಕೆಗೆ ಏಕೆ ಎಂದು ನಮ್ಮವರಲ್ಲಿ ಕೆಲವರು ಕೇಳಬಹುದು. ನಾವು ಯಾರನ್ನು ಮನೆಯೊಳಗೆ ಕರೆಯುತ್ತೇವೆ, ಯಾರನ್ನು ಗೇಟಿನಿಂದಲೇ ಮಾತಾಡಿಸಿ ಕಳಿಸುತ್ತೇವೆ ಎಂಬುದು ಊರಿಗೆಲ್ಲ ಕಾಣುವ ಸಂಗತಿ. ಆದ್ದರಿಂದ ಊರಿನವರ ಮುಂದೆಯೇ ಅದನ್ನು ಹೇಳಿಕೊಳ್ಳುವುದು ಸರಿಯೆಂದು ನನಗೆ ತೋರಿತು.

ಕಳೆದ ತಿಂಗಳು ನಮ್ಮ ಸ್ತ್ರೀಯರ ಕೂಟದಲ್ಲಿ ಕ್ರಿಸ್‌ಮಸ್ ಸೇವೆಯ ಯೋಜನೆ ನಡೆಯುತ್ತಿತ್ತು. ಪ್ರತಿವರ್ಷದಂತೆ ಒಂದು ಅನಾಥಾಶ್ರಮಕ್ಕೆ ಅಕ್ಕಿ, ಒಂದು ವೃದ್ಧಾಶ್ರಮಕ್ಕೆ ಹೊದಿಕೆ, ತಲಾ ಇಷ್ಟು ಹಣ ಎಂದು ಪಟ್ಟಿ ಸಿದ್ಧವಾಯಿತು. ಆಗ ಹಿಂದಿನ ಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಒಂದೇ ಒಂದು ಪ್ರಶ್ನೆ ಕೇಳಿದರು. ಈ ವರ್ಷದಲ್ಲಿ ನಮ್ಮ ಬಂಧುವಲ್ಲದ, ನಮ್ಮ ಸಭೆಯವರಲ್ಲದ, ನಮಗೆ ಯಾವ ಪ್ರಯೋಜನಕ್ಕೂ ಬಾರದ ಒಬ್ಬರಾದರೂ ನಮ್ಮ ಮನೆಯ ಮೇಜಿನ ಮುಂದೆ ನಮ್ಮೊಂದಿಗೆ ಕೂತು ಊಟ ಮಾಡಿದ್ದುಂಟೇ, ಉಂಟಾದವರು ಕೈ ಎತ್ತಿ ಎಂದರು. ನಲವತ್ತಕ್ಕೂ ಹೆಚ್ಚು ಮಂದಿ ಇದ್ದೆವು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನನ್ನ ಕೈಯೂ ಮೇಲೇಳಲಿಲ್ಲ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಾವು ಜಿಪುಣರೆಂದು ಯಾರೂ ಹೇಳಲಾರರು. ಡಿಸೆಂಬರ್ ಬಂತೆಂದರೆ ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಮಾಡುವ ಸಂಭ್ರಮ ಇದ್ದೇ ಇದೆ. ತೆಂಗಿನಕಾಯಿ, ಎಳ್ಳು, ಬೆಲ್ಲ ತುಂಬಿದ ನೆವ್ರಿ, ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡಿದ ಕಿಡಿಯೊ, ಚಕ್ಕುಲಿ, ಕೇಕು ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿ, ಮೇಲೆ ಕ್ರೋಶೆ ಹೆಣಿಗೆಯ ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗಳಿಗೆ ಕಳಿಸುತ್ತೇವೆ. ಆ ತಟ್ಟೆಗಳು ಬರಿದಾಗಿ ಹಿಂದಿರುಗುವುದಿಲ್ಲ. ಪಕ್ಕದ ಮನೆಯವರು ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಮರಿಯ ಮಾತೆಯ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ನಮ್ಮ ಕಥೊಲಿಕ ನೆರೆಯವರು ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವುದನ್ನು, ದೂರದಲ್ಲಿರುವ ಮಕ್ಕಳಿಗೆ ಆ ಕಾಳುಗಳನ್ನು ಅಂಚೆಯಲ್ಲಿ ಕಳಿಸುವುದನ್ನು ನಾನು ಕಂಡಿದ್ದೇನೆ. ಇವೆಲ್ಲ ಒಳ್ಳೆಯ ಪದ್ಧತಿಗಳು, ಉಳಿಯಬೇಕಾದವುಗಳು. ಆದರೆ ಇವುಗಳಲ್ಲಿ ಹೆಚ್ಚಿನವು ನಮ್ಮವರು ನಮ್ಮವರಿಗೆ ಮಾಡುವವು, ಇಲ್ಲವೇ ಬಾಗಿಲ ಬಳಿಯೇ ಮುಗಿಯುವವು. ತಟ್ಟೆ ಹೊಸಿಲು ದಾಟಿ ಹೊರಗೆ ಹೋಗುತ್ತದೆ; ಹೊಸಿಲು ದಾಟಿ ಒಳಗೆ ಬರುವವರು ಯಾರು?

ಕನ್ನಡ ಕಲಿಸಿದವಳಾದ್ದರಿಂದ ಪದಗಳ ಕಡೆಗೆ ಮನಸ್ಸು ಹೋಗುತ್ತದೆ. ನೆಂಟ ಬೇರೆ, ಅತಿಥಿ ಬೇರೆ. ನೆಂಟನಿಗೆ ನಮ್ಮ ಮನೆಯ ಮೇಲೆ ಹಕ್ಕಿದೆ, ಅವನು ಬರುವ ದಿನ ಗೊತ್ತಿದೆ, ಮುಂದಿನ ತಿಂಗಳು ಅವನ ಮನೆಗೆ ನಾವು ಹೋಗುವುದೂ ಗೊತ್ತಿದೆ. ಅತಿಥಿಯೆಂದರೆ ತಿಥಿ ನೋಡದೆ ಬರುವವನು ಎಂದು ನಮ್ಮ ಹಿರಿಯರು ಅರ್ಥ ಹೇಳುತ್ತಿದ್ದರು. ಅವನ ಜೊತೆಯಲ್ಲೇ ಅಭ್ಯಾಗತ ಎಂಬ ಪದವನ್ನೂ ಸೇರಿಸುತ್ತಿದ್ದರು. ಬೈಬಲಿನ ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿ ಅತಿಥಿಸತ್ಕಾರ ಎಂಬಲ್ಲಿ ಇರುವ ಪದ ಫಿಲೊಕ್ಸೆನಿಯ, ಅಂದರೆ ಪರಕೀಯನ ಮೇಲಿನ ಪ್ರೀತಿ. ರೋಮಿನ ಸಭೆಗೆ ಬರೆಯುವಾಗ ಅಪೊಸ್ತಲ ಪೌಲನು ಅದನ್ನು ಬೆನ್ನುಹತ್ತಿ ಹೋಗಿ ಮಾಡಬೇಕಾದ ಕೆಲಸವೆಂಬಂತೆ ಹೇಳುತ್ತಾನೆ; ಅತಿಥಿ ತಾನಾಗಿ ಬಂದರೆ ನೋಡೋಣ ಎನ್ನುವ ಧಾಟಿ ಅಲ್ಲಿಲ್ಲ. ಇಬ್ರಿಯರಿಗೆ ಬರೆದ ಪತ್ರ, ಹೀಗೆ ಮಾಡುತ್ತಾ ಕೆಲವರು ತಮಗೆ ತಿಳಿಯದೆಯೇ ದೇವದೂತರನ್ನು ಉಪಚರಿಸಿದರು ಎಂದು ನೆನಪಿಸುತ್ತದೆ. ಯೇಸುವಿನ ಶಿಷ್ಯ ಪೇತ್ರನಂತೂ ಗೊಣಗದೆ ಮಾಡಿ ಎಂದು ಸೇರಿಸುತ್ತಾನೆ. ಮನೆ ನಡೆಸುವವರ ಮನಸ್ಸು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇನ್ನು ಲೂಕನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಯೇಸು ಸ್ವಾಮಿ ಹೇಳಿದ ಮಾತಿಗೆ ಎರಡು ಅರ್ಥ ಮಾಡಲು ಅವಕಾಶವೇ ಇಲ್ಲ. ಊಟಕ್ಕೆ ಕರೆಯುವಾಗ ಸ್ನೇಹಿತರನ್ನು, ಅಣ್ಣತಮ್ಮಂದಿರನ್ನು, ಬಂಧುಗಳನ್ನು, ಐಶ್ವರ್ಯವಂತರಾದ ನೆರೆಯವರನ್ನು ಕರೆಯಬೇಡ, ಅವರು ತಿರುಗಿ ನಿನ್ನನ್ನು ಕರೆದಾರು. ಬಡವರನ್ನು, ಅಂಗಹೀನರನ್ನು, ಕುಂಟರನ್ನು, ಕುರುಡರನ್ನು ಕರೆ, ನಿನಗೆ ಹಿಂದಿರುಗಿ ಕೊಡಲು ಅವರಲ್ಲಿ ಏನೂ ಇಲ್ಲ ಎಂಬುದು ಅದರ ಸಾರ. ಈ ವಾಕ್ಯದ ಮೇಲೆ ಸಭೆಯಲ್ಲಿ ಎಷ್ಟೋ ಪ್ರಸಂಗಗಳನ್ನು, ಬೋಧನೆಗಳನ್ನು ಕೇಳಿ, ಅದೇ ಆದಿತ್ಯವಾರ ಮನೆಗೆ ಬಂದು ಬಂಧುಗಳಿಗೇ ಬಡಿಸಿದ್ದೇನೆ.

ಇಲ್ಲಿ ನನ್ನ ಮನೆಯ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋದರೆ ಈ ಪತ್ರ ಪ್ರಾಮಾಣಿಕವಾಗುವುದಿಲ್ಲ. ನಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಒಬ್ಬ ಹೆಂಗಸಿದ್ದರು. ನಾವೆಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ನನ್ನ ಇಬ್ಬರು ಮಕ್ಕಳಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದವರು ಅವರು. ನನಗೆ ಟೈಫಾಯ್ಡ್ ಬಂದಾಗ ಗಂಜಿ ಕುಡಿಸಿದವರೂ ಅವರೇ. ಕ್ರಿಸ್‌ಮಸ್ ದಿನ ಅವರಿಗೆ ಹೊಸ ಸೀರೆ ಕೊಡುತ್ತಿದ್ದೆ, ಮೇಜಿನ ಮೇಲಿದ್ದ ಪದಾರ್ಥಗಳೆಲ್ಲವನ್ನೂ ಬಡಿಸುತ್ತಿದ್ದೆ. ಅವರು ಆ ತಟ್ಟೆಯನ್ನು ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಉಣ್ಣುತ್ತಿದ್ದರು. ಒಳಗೆ ಬನ್ನಿ ಎಂದು ನಾನು ಹೇಳಲಿಲ್ಲ, ಹೊರಗೆ ಕೂರಿ ಎಂದೂ ಹೇಳಿರಲಿಲ್ಲ. ಹಾಗೆ ನಡೆದುಕೊಂಡು ಬಂದಿತ್ತು, ಅಷ್ಟೇ. ಹಳೆಯ ಮನೆ ಮಾರಿ ಫ್ಲ್ಯಾಟಿಗೆ ಹೋಗುವಾಗ ಸಾಮಾನು ಕಟ್ಟಲು ಬಂದ ಹುಡುಗ ಅಡಿಗೆಮನೆಯ ಹಿಂದಿನ ಕಿಟಕಿಯ ದಂಡೆಯಿಂದ ಒಂದು ಸ್ಟೀಲ್ ತಟ್ಟೆ ಮತ್ತು ಲೋಟ ಎತ್ತಿ ತೋರಿಸಿ, ಇದು ಯಾವ ಪೆಟ್ಟಿಗೆಗೆ ಎಂದು ಕೇಳಿದ. ಅಂಚು ಒಂದು ಕಡೆ ನೆಗ್ಗಿದ್ದ, ಬೋರಲು ಹಾಕಿ ಹಾಕಿ ಬಿಸಿಲಿಗೆ ಹೊಳಪು ಹೋಗಿದ್ದ ಆ ತಟ್ಟೆ ನಮ್ಮ ಉಳಿದ ತಟ್ಟೆಗಳ ಜೊತೆಗೆ ಒಂದು ದಿನವೂ ಇರಲಿಲ್ಲ. ಯಾವ ಪೆಟ್ಟಿಗೆಗೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಗ್ಗುಲಲ್ಲೇ ಗೋಡೆಯ ಮೇಲೆ, ಈ ಮನೆಗೆ ಕ್ರಿಸ್ತನೇ ಯಜಮಾನ, ಪ್ರತಿ ಊಟಕ್ಕೂ ಆತನೇ ಅತಿಥಿ ಎಂಬ ಫಲಕ ಇನ್ನೂ ತೂಗುತ್ತಿತ್ತು.

ಇದು ನನ್ನೊಬ್ಬಳ ಮನೆಯ ಕತೆಯಲ್ಲ ಎಂಬುದು ನಮ್ಮವರಿಗೆಲ್ಲ ಗೊತ್ತು. ಜಾತಿಯನ್ನು ಹೊಸಿಲಾಚೆ ಬಿಟ್ಟು ಬಂದೆವು ಎಂದು ಹೇಳಿಕೊಳ್ಳುವ ನಾವು ಅದನ್ನು ಲೋಟ, ತಟ್ಟೆ, ಕೂರುವ ಜಾಗಗಳಲ್ಲಿ ಜೋಪಾನವಾಗಿ ಉಳಿಸಿಕೊಂಡಿದ್ದೇವೆ. ಪೌಲನ ಕಾಲದ ಕೊರಿಂಥ ಪಟ್ಟಣದ ಸಭೆಯಲ್ಲಿಯೂ ಹೀಗೆಯೇ ಆಯಿತು. ಅನುಕೂಲಸ್ಥರು ಮೊದಲೇ ಬಂದು ತಮ್ಮ ಊಟ ತಾವು ಮಾಡಿ ಮುಗಿಸುತ್ತಿದ್ದರು. ಏನೂ ಇಲ್ಲದವರು ಹಸಿದೇ ಇರುತ್ತಿದ್ದರು. ಹೀಗೆ ಕೂಡಿಬಂದು ಉಣ್ಣುವುದು ಯೇಸುವಿನ ನೆನಪಿಗಾಗಿ ಸಭೆಯಲ್ಲಿ ಹಂಚಿಕೊಳ್ಳುವ ಕರ್ತನ ಭೋಜನವೇ ಅಲ್ಲ ಎಂದು ಪೌಲನು ಕಟುವಾಗಿ ಬರೆದನು. ಆದಿತ್ಯವಾರ ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಂಡು ಸೋಮವಾರ ಬೇರೆ ಲೋಟ ಇಡುವವರಿಗೆ ಅವನು ಇದಕ್ಕಿಂತ ಮೃದುವಾಗಿ ಬರೆಯುತ್ತಿದ್ದನೆಂದು ನನಗನ್ನಿಸುವುದಿಲ್ಲ.

ನಾನು ಹುಟ್ಟಿದ್ದು ಮಂಗಳೂರಿನ ಜೆಪ್ಪುವಿನ ಕಡೆಯ ಒಂದು ಹೆಂಚಿನ ಮನೆಯಲ್ಲಿ. ನನ್ನ ಅಜ್ಜ ಹೆಂಚಿನ ಕಾರ್ಖಾನೆಯ ಕೆಲಸಗಾರರು. ಆ ಮನೆಯ ಚಾವಡಿಗೆ ಯಾರು ಬಂದರೂ, ಬಳೆಗಾರ, ಅಂಚೆಯವನು, ತಮ್ಮ ಹಸು ಕಳೆದುಕೊಂಡು ಹುಡುಕುತ್ತಾ ಬಂದವರು, ಯಾರೇ ಆಗಲಿ, ಮೊದಲು ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ; ಆಮೇಲೆ ಬಂದ ಕಾರಣ ಕೇಳುವುದು. ತುಳುನಾಡಿನಲ್ಲಿ ಇದು ಎಲ್ಲ ಜಾತಿಮತದ ಮನೆಗಳಲ್ಲೂ ಇದ್ದ ಮರ್ಯಾದೆ. ತುಳುವಿನಲ್ಲಿ ಬಿನ್ನೆರ್ ಎಂದರೆ ಅತಿಥಿಗಳು; ಆ ಮಾತು ಅಜ್ಜಿಯ ಬಾಯಲ್ಲಿ ಬಂದಾಗ ಅದರಲ್ಲಿ ಒಂದು ಬಗೆಯ ಸಡಗರವಿರುತ್ತಿತ್ತು. ಕುಚ್ಚಲಕ್ಕಿ ಗಂಜಿಗೆ ಅಕ್ಕಿ ಅಳೆಯುವಾಗ ಮನೆಯವರ ಲೆಕ್ಕ ಮುಗಿದ ಮೇಲೆ ಅಜ್ಜಿ ಇನ್ನೊಂದು ಹಿಡಿ ಹಾಕುತ್ತಿದ್ದರು. ಅದು ಯಾರಿಗೆ ಎಂದು ಕೇಳಿದರೆ, ಬರುವವರಿಗೆ ಎನ್ನುತ್ತಿದ್ದರು. ಗಂಜಿ, ಸುಟ್ಟ ಒಣಮೀನು ಇಲ್ಲವೇ ಹುರುಳಿ ಚಟ್ನಿ, ಮಾವಿನ ಮಿಡಿ ಉಪ್ಪಿನಕಾಯಿ ಇಷ್ಟೇ ಇದ್ದರೂ ಬಂದವರನ್ನು ಕೂರಿಸಲು ಅವರಿಗೆ ಸಂಕೋಚವಿರಲಿಲ್ಲ. ಇಂದು ನಾವು ಮೂರು ಬಗೆಯ ಮಾಂಸ, ಹೊಸ ಮೇಜುಬಟ್ಟೆ, ಹೊಂದುವ ಬಸಿಗಳು ಇಲ್ಲದೆ ಯಾರನ್ನೂ ಕರೆಯಲು ಹಿಂಜರಿಯುತ್ತೇವೆ. ಮನೆ ಚೆನ್ನಾಗಿ ಕಾಣಬೇಕು ಎಂಬ ಚಿಂತೆಯಲ್ಲಿ ಮನೆಗೆ ಯಾರೂ ಬಾರದಂತಾಗಿದೆ.

ನಮ್ಮ ಸಭೆಯ ಚರಿತ್ರೆಯೂ ಇದನ್ನೇ ನೆನಪಿಸಬೇಕಿತ್ತು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೊದಲ ಮೂವರು ಧರ್ಮಪ್ರಚಾರಕರು ಮಂಗಳೂರಿಗೆ ಬಂದಿಳಿದಾಗ ಈ ಊರಿಗೆ ಅವರೇ ಪರದೇಶಿಗಳು. ಅವರ ಮಾತು ಕೇಳಿ ಕ್ರೈಸ್ತರಾದ ನಮ್ಮ ಹಿರಿಯರಲ್ಲಿ ಅನೇಕರು ಮನೆಯಿಂದ, ಕುಟುಂಬದಿಂದ, ಕುಲಕಸುಬಿನಿಂದ ಹೊರಗಾದರು. ನೇಯ್ಗೆಯ ಶಾಲೆಗಳು, 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ ಅವರಿಗೆ ಕೂಲಿ ಕೊಟ್ಟವು. ಆದರೆ ಮನೆ ಕಳೆದುಕೊಂಡವನಿಗೆ ಕೂಲಿಯೊಂದೇ ಸಾಲದು. ಯಾರೋ ಅವನನ್ನು ಒಳಗೆ ಕರೆದು ಚಾಪೆ ಹಾಸಿ, ಗಂಜಿ ಬಡಿಸಿ, ನೀನು ನಮ್ಮವನು ಎನ್ನಬೇಕು. ತಮ್ಮ ಪತ್ರಿಕೆಯೂ ಸೇರಿ ಕನ್ನಡದ ಪತ್ರಿಕೆಗಳು ಜುಲೈ 1ರಂದು ಸ್ಮರಿಸುವ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರೂ ಅದೇ ಮಿಶನ್ನಿನವರು. ಒಂದು ಕಾಲಕ್ಕೆ ಬೀದಿಪಾಲಾಗಿ, ಬೇರೆಯವರು ಸೇರಿಸಿಕೊಂಡದ್ದರಿಂದ ನಿಂತ ಕುಟುಂಬಗಳ ಮೊಮ್ಮಕ್ಕಳು, ಮರಿಮಕ್ಕಳು ನಾವು. ಅಂಥ ನಮ್ಮ ಬಾಗಿಲಿಗೆ ಇಷ್ಟು ಚಿಲಕಗಳು ಎಲ್ಲಿಂದ ಬಂದವು?

ಆಶ್ರಮಗಳಿಗೆ ಹಣ ಕೊಡುತ್ತೇವಲ್ಲ, ಅದು ಸಾಲದೇ ಎಂಬುದು ನಾನು ಹೆಚ್ಚು ಕೇಳುವ ಸಮಾಧಾನ. ಇದೂ ಹೊಸದಲ್ಲ. ನಾಲ್ಕನೆಯ ಶತಮಾನದಲ್ಲಿ, 370ರ ಆಸುಪಾಸಿನಲ್ಲಿ, ಇಂದಿನ ಟರ್ಕಿಯಲ್ಲಿರುವ ಕಪ್ಪದೋಕ್ಯದ ಕೈಸರೈಯ ಪಟ್ಟಣದ ಹೊರಗೆ ಬಿಷಪ್ ಬಾಸಿಲ್ ಅವರು ರೋಗಿಗಳಿಗೆ, ಬಡವರಿಗೆ, ದಾರಿಹೋಕರಿಗೆ ಒಂದು ದೊಡ್ಡ ಆಶ್ರಯಧಾಮವನ್ನೇ ಕಟ್ಟಿಸಿದರು. ಅದಕ್ಕೂ ಕೆಲವು ವರ್ಷಗಳ ಮೊದಲು, ಕ್ರೈಸ್ತಮತವನ್ನು ತೊರೆದು ಅದನ್ನು ವಿರೋಧಿಸಿದ ರೋಮ್ ಚಕ್ರವರ್ತಿ ಜೂಲಿಯನ್, ಈ ಜನ ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ಪರಕೀಯರಿಗೆ ಅವರು ತೋರುವ ಆದರವೇ ಅವರ ಮತವನ್ನು ಬೆಳೆಸಿದೆ ಎಂಬ ಅರ್ಥದಲ್ಲಿ ತನ್ನ ಪುರೋಹಿತನೊಬ್ಬನಿಗೆ ಬರೆದಿದ್ದನು. ವಿರೋಧಿಯ ಬಾಯಿಂದ ಬಂದ ಈ ಮಾತಿಗಿಂತ ದೊಡ್ಡ ಪ್ರಮಾಣಪತ್ರ ಯಾವ ಸಭೆಗೆ ಸಿಕ್ಕೀತು? ಆದರೆ ಧರ್ಮಛತ್ರಗಳು ಹೆಚ್ಚಿದಂತೆ ಮನೆಗಳ ಬಾಗಿಲು ಮುಚ್ಚತೊಡಗಿತು. ಸಭೆಯ ಛತ್ರವಿದೆಯಲ್ಲ, ಪರಕೀಯರು ಅಲ್ಲಿಗೆ ಹೋಗಲಿ ಎಂದು ಜನ ಹೇಳತೊಡಗಿದಾಗ, 407ರಲ್ಲಿ ತೀರಿಕೊಂಡ ಮಹಾಬೋಧಕ ಜಾನ್ ಕ್ರಿಸೊಸ್ತೊಮ್ ಅವರು ಒಂದು ಪ್ರಸಂಗದಲ್ಲಿ ಕೊಟ್ಟ ಉತ್ತರವನ್ನು ನಾನು ಮರೆಯಲಾರೆ. ಬೇರೆ ಯಾರೋ ಪ್ರಾರ್ಥನೆ ಮಾಡುತ್ತಾರೆ ಎಂದು ನೀನು ಪ್ರಾರ್ಥನೆ ಬಿಡುತ್ತೀಯೇನು ಎಂದು ಅವರು ಕೇಳಿದರು. ನಿನ್ನ ಮನೆಯಲ್ಲೇ ಒಂದು ಕೋಣೆ ಇರಲಿ, ಅದು ಎಷ್ಟು ಸಾಧಾರಣವಾಗಿದ್ದರೂ ಚಿಂತೆಯಿಲ್ಲ, ಇದು ಕ್ರಿಸ್ತನ ಕೋಣೆ ಎಂದು ಎತ್ತಿಡು ಎಂದರು. ಕೊಟ್ಟ ಹಣ ಅಕ್ಕಿಯಾಗುತ್ತದೆ, ಹೊದಿಕೆಯಾಗುತ್ತದೆ, ಅದು ಬೇಕೇ ಬೇಕು. ಆದರೆ ಹಣ ಕೊಟ್ಟವನಿಗೆ ತೆಗೆದುಕೊಂಡವನ ಹೆಸರೂ ಗೊತ್ತಾಗುವುದಿಲ್ಲ.

ನಮ್ಮ ಮಂಗಳೂರು ಆಸ್ಪತ್ರೆಗಳ ಊರು. ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡ, ಇನ್ನೂ ದೂರದಿಂದ ರೋಗಿಗಳು ಬರುತ್ತಾರೆ. ರೋಗಿಗೆ ಹಾಸಿಗೆ ಸಿಗುತ್ತದೆ, ಜೊತೆಗೆ ಬಂದವರಿಗೆ ಸಿಗುವುದಿಲ್ಲ. ಮೂರು ವರ್ಷಗಳ ಹಿಂದೆ ಜುಲೈ ತಿಂಗಳ ಒಂದು ಸಂಜೆ, ನನ್ನ ನಾದಿನಿಯನ್ನು ನೋಡಲು ಆಸ್ಪತ್ರೆಯೊಂದಕ್ಕೆ ಹೋಗಿದ್ದಾಗ, ಹೊರಗಿನ ವರಾಂಡದಲ್ಲಿ ಇರುಚಲು ಹೊಡೆಯದಂತೆ ಗೋಡೆಗೆ ಒತ್ತಿಕೊಂಡು ಕೂತಿದ್ದ ಒಬ್ಬ ಹೆಂಗಸನ್ನು ಕಂಡೆ. ಹಾವೇರಿಯ ಕಡೆಯವರು. ಗಂಡನಿಗೆ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ದಿನ. ನಾಲ್ಕು ರಾತ್ರಿಯೂ ಅಲ್ಲಿಯೇ ಮಲಗಿದ್ದರು; ಇಲ್ಲಿನ ಮಳೆ ಅವರು ಕಂಡರಿಯದ ಮಳೆ, ಹೊದ್ದ ಚಾದರ ಒಣಗಿರಲಿಲ್ಲ. ಹತ್ತಿರದಲ್ಲೇ ನಮ್ಮ ಮನೆ, ಸ್ನಾನ ಮಾಡಿ ಊಟ ಮಾಡಿಕೊಂಡು ಬನ್ನಿ ಎಂದೆ. ಅವರು ತಟಕ್ಕನೆ ಒಪ್ಪಲಿಲ್ಲ. ನನ್ನ ಮುಖವನ್ನು ನೋಡಿದರು, ಪಕ್ಕದಲ್ಲಿದ್ದ ಇನ್ನೊಬ್ಬ ಹೆಂಗಸನ್ನು ನೋಡಿದರು, ನಾವು ಯಾವ ಮಂದಿ ಅನ್ನೂದೂ ಕೇಳ್ಲಿಲ್ಲಲ್ರೀ ಅಕ್ಕಾರ ಎಂದರು. ಕೇಳಬೇಕೆಂದು ನನಗೆ ತೋಚಿರಲಿಲ್ಲ. ಅವರಿಗೆ ಮಾತ್ರ ಅದು ಮೊದಲ ಪ್ರಶ್ನೆಯಾಗಿ ಬಂತು, ಏಕೆಂದರೆ ಬದುಕಿನುದ್ದಕ್ಕೂ ಅವರನ್ನು ಎಲ್ಲರೂ ಅದನ್ನೇ ಮೊದಲು ಕೇಳಿದ್ದರು.

ಬಿಸಿನೀರು ಸ್ನಾನ ಮುಗಿಸಿ, ನನ್ನ ಒಂದು ಸೀರೆ ಉಟ್ಟು ಅವರು ಮೇಜಿನ ಮುಂದೆ ಕೂತರು. ಅನ್ನ, ತೊಂಡೆಕಾಯಿ ಪಲ್ಯ, ಬೇಳೆ ಸಾರು ಅಷ್ಟೇ ಇತ್ತು. ಊಟಕ್ಕೆ ಮೊದಲು ಅವರು ತಮ್ಮ ಚೀಲದಿಂದ ಬಿಳಿ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು. ಒಳಗೆ ಕಟಿ ರೊಟ್ಟಿಗಳು, ತಟ್ಟಿ ಒಣಗಿಸಿದ ಜೋಳದ ರೊಟ್ಟಿ, ಕಾಗದದಲ್ಲಿ ಶೇಂಗಾ ಹಿಂಡಿ. ಮಳೆಯ ತೇವಕ್ಕೆ ರೊಟ್ಟಿಯ ಅಂಚು ಮೆತ್ತಗಾಗಿತ್ತು. ನೀವೂ ತಗೋರಿ ಎಂದು ನನಗೂ ನನ್ನ ಯಜಮಾನರಿಗೂ ಒಂದೊಂದನ್ನು ಕೊಟ್ಟರು, ತಾವು ನಮ್ಮ ಅನ್ನ ಉಂಡರು. ಅವರು ಐದು ರಾತ್ರಿ ನಮ್ಮಲ್ಲಿ ಮಲಗಿದರು. ಹೊರಡುವ ದಿನ ನನ್ನ ಅಡಿಗೆಮನೆಯ ಹಿಂದಿನ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದು ಜೋಡಿಸಿಟ್ಟಿದ್ದರು, ಬೇಡವೆಂದರೆ ಕೇಳಲಿಲ್ಲ. ಅದಾದ ಮೇಲೆ ಮೂರು ವರ್ಷ ನಾನು ಮತ್ತೆ ಯಾರನ್ನೂ ಕರೆಯಲಿಲ್ಲ. ಏಕೆಂದು ನನ್ನನ್ನೇ ಕೇಳಿಕೊಂಡಾಗ ಸಿಗುವ ಉತ್ತರ ಬಹಳ ಸಣ್ಣದು. ಯಾರೂ ನನ್ನನ್ನು ಒತ್ತಾಯಿಸಲಿಲ್ಲ, ನಾನೂ ಹುಡುಕಿಕೊಂಡು ಹೋಗಲಿಲ್ಲ.

ಆ ರೊಟ್ಟಿ ನನಗೆ ಇನ್ನೊಂದನ್ನೂ ಕಲಿಸಿತು. ಆತಿಥ್ಯವೆಂದರೆ ಕೊಡುವವರು ನಾವು, ತೆಗೆದುಕೊಳ್ಳುವವರು ಅವರು ಎಂದು ನಾವು ತಿಳಿದಿದ್ದೇವೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅದು ಹಾಗಿಲ್ಲ. ಬರಗಾಲದಲ್ಲಿ ಪ್ರವಾದಿ ಎಲೀಯನಿಗೆ ತನ್ನ ಕೊನೆಯ ಹಿಡಿ ಹಿಟ್ಟಿನಲ್ಲಿ ರೊಟ್ಟಿ ಮಾಡಿಕೊಟ್ಟವಳು ಚಾರೆಪ್ತದ ಬಡ ವಿಧವೆ, ಇಸ್ರಾಯೇಲಿನವಳೂ ಅಲ್ಲ. ಹಡಗು ಒಡೆದು ತೊಯ್ದು ನಡುಗುತ್ತಿದ್ದ ಪೌಲನಿಗೂ ಅವನ ಜೊತೆಗಾರರಿಗೂ ಬೆಂಕಿ ಹೊತ್ತಿಸಿ ಚಳಿ ಬಿಡಿಸಿದವರು ಮೆಲಿತೆ ದ್ವೀಪದ ಅನ್ಯಜನರು. ಯೇಸು ಸ್ವಾಮಿಗೆ ಸ್ವಂತ ಮನೆಯಿರಲಿಲ್ಲ. ಸುಂಕದವರ, ಯೆಹೂದಿ ಪಂಥದವರಾದ ಫರಿಸಾಯರ, ಗೆಳೆಯರ ಮನೆಗಳಲ್ಲಿ ಆತನು ಉಂಡನು. ಎಮ್ಮಾಹು ಎಂಬ ಹಳ್ಳಿಯಲ್ಲಿ ಅತಿಥಿಯಾಗಿ ಒಳಗೆ ಬಂದವನೇ ರೊಟ್ಟಿ ಮುರಿದು ಕೊಟ್ಟನು. ಆದ್ದರಿಂದ ನಮ್ಮ ಮನೆಗೆ ಬಂದವರು ಏನನ್ನಾದರೂ ತಂದರೆ, ಏನಾದರೂ ಕೆಲಸ ಮಾಡಿಕೊಡುತ್ತೇವೆಂದರೆ, ಬೇಡ ಬೇಡ ಎಂದು ಕೈ ತಡೆಯುವ ನಮ್ಮ ಅಭ್ಯಾಸವನ್ನು ಬಿಡಬೇಕು. ಬೇರೆ ಮತದ ನೆರೆಯವರು ಹಬ್ಬಕ್ಕೆ ಕರೆದಾಗ ಹೋಗಿ ಕೂತು ಉಂಡು ಬರುವುದೂ ಆತಿಥ್ಯದ ಅರ್ಧಭಾಗವೇ.

ಒಂದು ಸೂಕ್ಷ್ಮವಾದ ವಿಷಯವನ್ನೂ ನೇರವಾಗಿ ಹೇಳಬೇಕು. ಕ್ರೈಸ್ತರು ಮನೆಗೆ ಕರೆದರೆ ಅದರ ಹಿಂದೆ ಮತಾಂತರದ ಉದ್ದೇಶವಿರುತ್ತದೆ ಎಂಬ ಅನುಮಾನ ಇಂದು ನಮ್ಮ ರಾಜ್ಯದಲ್ಲಿ ಹಲವರಲ್ಲಿದೆ. ಆ ಅನುಮಾನದ ಹೆಚ್ಚಿನ ಪಾಲು ಅನ್ಯಾಯದ್ದು ಎಂದೇ ನನ್ನ ನಂಬಿಕೆ. ಆದರೆ ನಮ್ಮ ಕಡೆಯಿಂದ ನಾವು ಇಷ್ಟು ಸ್ಪಷ್ಟವಾಗಿರಬೇಕು: ಉಣ್ಣಲು ಕೂತವರು ನಮ್ಮ ಬೋಧನೆಗೆ ಸಿಕ್ಕ ಶ್ರೋತೃಗಳಲ್ಲ. ಅವರು ನಮ್ಮ ನಂಬಿಕೆಯ ಬಗ್ಗೆ ಕೇಳಿದರೆ ಸಂತೋಷದಿಂದ ಹೇಳೋಣ, ಕೇಳದಿದ್ದರೆ ಬಡಿಸೋಣ. ನಾವು ಊಟಕ್ಕೆ ಮುಂಚೆ ಮಾಡುವ ಪ್ರಾರ್ಥನೆಯನ್ನು ಮುಚ್ಚಿಡಬೇಕಾಗಿಲ್ಲ, ಅದನ್ನೇ ಪ್ರಸಂಗವನ್ನಾಗಿ ಉದ್ದ ಮಾಡಲೂಬಾರದು. ಒಳಗೊಂದು ಲೆಕ್ಕವಿಟ್ಟುಕೊಂಡು ಹಾಕಿದ ಅನ್ನ ಆತಿಥ್ಯವಾಗುವುದಿಲ್ಲ. ತಿರುಗಿ ಕೊಡಲು ಇಲ್ಲದವರನ್ನು ಕರೆ ಎಂದ ಸ್ವಾಮಿಯ ಮಾತಿಗೆ ಅದು ನೇರ ವಿರುದ್ಧ. ಹಾಗೆಯೇ, ಕರೆಯುವ ಮೊದಲು ಅವರು ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂದು ಕೇಳುವುದು ಮರ್ಯಾದೆ. ಸಸ್ಯಾಹಾರಿಗಳು ಬರುವ ದಿನ ಮಾಂಸ ಬೇಯಿಸದಿದ್ದರೆ, ಮುಸ್ಲಿಂ ನೆರೆಯವರು ಬರುವ ದಿನ ಹಂದಿಮಾಂಸ, ದ್ರಾಕ್ಷಾರಸ ಮೇಜಿನ ಮೇಲೆ ಇರದಿದ್ದರೆ ನಮ್ಮ ಕ್ರಿಸ್‌ಮಸ್ಸಿಗೆ ಏನೂ ಕೊರತೆಯಾಗುವುದಿಲ್ಲ.

ಈ ಕೆಲಸದ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದನ್ನೂ ಹೇಳದೆ ಇರಲಾರೆ. ಸಭೆಯಲ್ಲಿ ಆತಿಥ್ಯದ ಬಗ್ಗೆ ಬೋಧಿಸುವವರು ಹೆಚ್ಚಾಗಿ ಗಂಡಸರು. ಮನೆಯಲ್ಲಿ ಕಾಯಿ ತುರಿಯುವವರು, ಮೀನು ಹೆಚ್ಚುವವರು, ಕಡೆಗೆ ಪಾತ್ರೆ ತೊಳೆಯುವವರು ಹೆಂಗಸರು. ಯೇಸು ಮನೆಗೆ ಬಂದಾಗ ಉಪಚಾರದಲ್ಲಿ ಮುಳುಗಿದ ಮಾರ್ಥ, ಆತನ ಮಾತು ಕೇಳುತ್ತಾ ಕೂತ ಅವಳ ಸಹೋದರಿ ಮರಿಯ, ಇವರ ಕತೆ ಬಂದಾಗಲೆಲ್ಲ ಮಾರ್ಥಳಿಗೆ ಬುದ್ಧಿ ಹೇಳಲಾಗುತ್ತದೆ, ಆದರೆ ಅವಳ ಕೈಯ ಸೌಟನ್ನು ತೆಗೆದುಕೊಳ್ಳಲು ಯಾರೂ ಏಳುವುದಿಲ್ಲ. ಮಮ್ರೆಯ ಮರಗಳ ಬಳಿ ಮೂವರು ಅಪರಿಚಿತರನ್ನು ಕಂಡಾಗ ವಯಸ್ಸಾದ ಅಬ್ರಹಾಮನು ಬಿಸಿಲಿನಲ್ಲಿ ತಾನೇ ಓಡಿದನು, ದನದ ಹಟ್ಟಿಗೆ ತಾನೇ ಹೋದನು, ಅವರು ಉಣ್ಣುವಾಗ ಮರದ ಕೆಳಗೆ ತಾನೇ ನಿಂತು ಉಪಚರಿಸಿದನು. ರೊಟ್ಟಿ ಸುಡುವುದನ್ನು ಹೆಂಡತಿ ಸಾರಳಿಗೂ, ಕರುವಿನ ಅಡಿಗೆಯನ್ನು ಆಳಿಗೂ ಹೇಳಿದನು ನಿಜ, ಆದರೆ ಉಳಿದ ಓಡಾಟ ಅವನದು. ನಮ್ಮ ಮನೆಯ ಗಂಡಸರೂ ಗಂಡುಮಕ್ಕಳೂ ಇಷ್ಟು ಮಾಡಿದರೆ ಪೇತ್ರನು ಹೇಳಿದ ಗೊಣಗಾಟ ಅರ್ಧಕ್ಕೆ ಇಳಿದೀತು.

ಅಪರಿಚಿತರನ್ನು ಒಳಗೆ ಬಿಟ್ಟುಕೊಳ್ಳುವುದು ಅಪಾಯವಲ್ಲವೇ ಎಂಬ ಭಯ ಸುಳ್ಳಲ್ಲ. ಒಂಟಿಯಾಗಿರುವ ಹಿರಿಯರು, ಚಿಕ್ಕ ಮಕ್ಕಳಿರುವ ಮನೆಯವರು ಎಚ್ಚರಿಕೆ ವಹಿಸಲೇಬೇಕು. ಆದಿಸಭೆಯವರೂ ಕಣ್ಣುಮುಚ್ಚಿ ಬಾಗಿಲು ತೆರೆಯಲಿಲ್ಲ. ಮೊದಲ ಶತಮಾನದ ಕೊನೆಯಲ್ಲೋ ಎರಡನೆಯದರ ಆರಂಭದಲ್ಲೋ ರಚಿತವಾದ ದಿದಖೆ ಎಂಬ ಬೋಧನಾಗ್ರಂಥವು ದಾರಿಹೋಕನನ್ನು ಸೇರಿಸಿಕೊಳ್ಳಿ, ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದು ಬೇಡ, ನೆಲೆಸಬೇಕೆಂದಿದ್ದರೆ ದುಡಿದು ಉಣ್ಣಲಿ ಎಂದು ಹೇಳುತ್ತದೆ. ಆರನೆಯ ಶತಮಾನದ ಸಂತ ಬೆನೆಡಿಕ್ಟರ ಮಠದ ನಿಯಮದಲ್ಲಿ ಬಂದವರೆಲ್ಲರನ್ನೂ ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕು ಎಂಬ ಮಾತಿನ ಜೊತೆಗೆ, ಬಡವರ ಕಡೆಗೆ ವಿಶೇಷ ಕಾಳಜಿ ಇರಲಿ, ಶ್ರೀಮಂತರಿಗೆ ಹೇಗೂ ಅಂಜಿಕೆಯಿಂದಲೇ ಗೌರವ ಸಿಗುತ್ತದೆ ಎಂಬ ಎಚ್ಚರವೂ ಇದೆ. ಮಿತಿಗಳಿರಲಿ. ಮೊದಲ ಸಲ ಎರಡು ಮೂರು ಕುಟುಂಬಗಳು ಸೇರಿ ಒಂದು ಮನೆಯಲ್ಲಿ ಕರೆಯಬಹುದು, ಹಗಲೂಟಕ್ಕೆ ಕರೆಯಬಹುದು, ಹಾಸ್ಟೆಲಿನ ವಾರ್ಡನ್ನಿಗೋ ಕೆಲಸದ ಮೇಸ್ತ್ರಿಗೋ ತಿಳಿಸಿ ಕರೆಯಬಹುದು. ಆದರೆ ನಮ್ಮ ಫ್ಲ್ಯಾಟುಗಳ ಗೇಟಿನ ನೋಂದಣಿ ಪುಸ್ತಕದಲ್ಲಿ ಹೆಸರು ಬರೆಸಿ ಮೂರನೆಯ ಮಹಡಿಗೆ ಬರುವವರಲ್ಲಿ ಪಾರ್ಸೆಲ್ ತರುವ ಹುಡುಗರೇ ಹೆಚ್ಚಾಗಿದ್ದಾರೆ ಎಂದರೆ, ಅದು ಎಚ್ಚರಿಕೆಯ ಫಲವೆಂದು ನಾನು ಒಪ್ಪಲಾರೆ. ಆ ಹುಡುಗರಲ್ಲಿ ಎಷ್ಟು ಮಂದಿಗೆ ನಾವು ಒಂದು ಲೋಟ ನೀರು ಬೇಕೇ ಎಂದು ಕೇಳಿದ್ದೇವೆ?

ಸ್ಥಳವಿಲ್ಲ ಎನ್ನುವವರಿಗೆ ಬೈಬಲಿನಲ್ಲಿ ಬರುವ ಶೂನೇಮ್ ಊರಿನ ಹೆಂಗಸಿನ ನೆನಪಾಗಲಿ. ಪ್ರವಾದಿ ಎಲೀಷನಿಗಾಗಿ ಅವಳು ಮಾಳಿಗೆಯ ಮೇಲೆ ಇಟ್ಟದ್ದು ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಒಂದು ದೀಪ.

ಹಾಗಾಗಿ ನಮ್ಮ ಊರಿನ ಎಲ್ಲ ಸಭೆಗಳ ಹಿರಿಯರಲ್ಲಿ, ಸಭಾಪಾಲಕರಲ್ಲಿ, ಧರ್ಮಗುರುಗಳಲ್ಲಿ ನನ್ನದೊಂದು ಬಿನ್ನಹ. ಆಶ್ರಮಗಳಿಗೆ ಕೊಡುವುದು ನಡೆಯಲಿ. ಅದರ ಜೊತೆಗೆ ಈ ಕ್ರಿಸ್‌ಮಸ್ಸಿಗೆ ಪ್ರತಿ ಕುಟುಂಬವೂ ತನ್ನ ಮೇಜಿನ ಬಳಿ ಒಂದೇ ಒಂದು ಕುರ್ಚಿಯನ್ನು ಬಂಧುವಲ್ಲದ ಒಬ್ಬರಿಗಾಗಿ ಇಡಲಿ. ಹಬ್ಬದ ರಜ ಸಿಗದೆ ಹಾಸ್ಟೆಲಿನಲ್ಲೇ ಉಳಿಯುವ ನರ್ಸಿಂಗ್ ವಿದ್ಯಾರ್ಥಿನಿಯರಿದ್ದಾರೆ. ಅವರಲ್ಲಿ ಈಶಾನ್ಯ ರಾಜ್ಯಗಳಿಂದ ಬಂದ ಹುಡುಗಿಯರೂ ಇದ್ದಾರೆ. ಒಡಿಶಾ, ಜಾರ್ಖಂಡ್, ಅಸ್ಸಾಮಿನಿಂದ ಬಂದು ನಮ್ಮ ಕಟ್ಟಡಗಳನ್ನು ಕಟ್ಟುತ್ತಿರುವವರಲ್ಲಿ ಕ್ರೈಸ್ತರೂ ಇದ್ದಾರೆ. ತಗಡಿನ ಶೆಡ್ಡಿನಲ್ಲಿ ಅವರ ಕ್ರಿಸ್‌ಮಸ್ ಹೇಗೆ ಕಳೆಯುತ್ತದೆ ಎಂದು ನಾವು ವಿಚಾರಿಸಿದ್ದೇವೆಯೇ? ಆಸ್ಪತ್ರೆಯ ವರಾಂಡಗಳು ಡಿಸೆಂಬರ್ 25ರಂದೂ ಖಾಲಿ ಇರುವುದಿಲ್ಲ. ರಾತ್ರಿಯೆಲ್ಲ ನಮ್ಮ ಗೇಟು ಕಾಯುವ ಮುದುಕರಿದ್ದಾರೆ. ಮಕ್ಕಳೆಲ್ಲ ಹೊರದೇಶದಲ್ಲಿದ್ದು ಹಬ್ಬದ ದಿನ ವಿಡಿಯೊ ಕರೆಗಾಗಿ ಕಾಯುತ್ತಾ ಒಬ್ಬರೇ ಉಣ್ಣುವ ನಮ್ಮ ಸಭೆಯ ಹಿರಿಯರೂ ಇದ್ದಾರೆ. ಕರೆಯನ್ನು ಸಭೆಯ ಸೂಚನಾಪತ್ರದಲ್ಲಿ ಹಾಕಿದರೆ ಸಾಲದು. ಮನೆಯವರೇ ಹೋಗಿ, ಹೆಸರು ಹಿಡಿದು ಕರೆಯಬೇಕು. ಬಂದವರ ಫೋಟೊ ತೆಗೆದು ಹಂಚುವುದು ಬೇಡ. ಅವರನ್ನು ಬೇರೆ ಕೋಣೆಯಲ್ಲಿ, ಬೇರೆ ಹೊತ್ತಿನಲ್ಲಿ ಕೂರಿಸುವುದಂತೂ ಬೇಡವೇ ಬೇಡ.

ನನ್ನ ಮನೆಯಿಂದ ನಾನು ಆರಂಭಿಸಿದ್ದೇನೆ. ಹೋದ ವಾರ ಬಸ್ಸಿನಲ್ಲಿ ಮೂಡುಬಿದಿರೆಯ ಕಡೆಗೆ ಹೋಗಿ, ಮಗಳ ಮನೆಯಲ್ಲಿರುವ ನಮ್ಮ ಆ ಅಕ್ಕನನ್ನು ಕಂಡು ಬಂದೆ. ಅವರಿಗೀಗ ಎಪ್ಪತ್ತು ದಾಟಿದೆ, ಒಂದು ಕಣ್ಣು ಮಂಜಾಗಿದೆ, ಕೋಲು ಹಿಡಿದು ನಡೆಯುತ್ತಾರೆ. ನಾನು ಕೂತದ್ದೇ ಮೊದಲು ನೀರು ಬೆಲ್ಲ ತರಿಸಿದರು. ಕ್ರಿಸ್‌ಮಸ್ ದಿನ ಮಗಳು, ಮೊಮ್ಮಕ್ಕಳನ್ನು ಕರೆದುಕೊಂಡು ಮಧ್ಯಾಹ್ನದ ಊಟಕ್ಕೆ ಬರಬೇಕೆಂದು ಕೇಳಿಕೊಂಡೆ. ಹಳೆಯ ತಟ್ಟೆಯ ಮಾತನ್ನು ಹೇಳಿ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅರ್ಧ ಹೇಳುವಷ್ಟರಲ್ಲಿ ಅವರು ನನ್ನ ಕೈ ಹಿಡಿದು, ಅದೆಲ್ಲ ಯಾಕೆ ಈಗ ಟೀಚರಮ್ಮ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬರುತ್ತೇನೆ, ಆದರೆ ಈಗ ಕೆಳಗೆ ಕೂರಲು ಮೊಣಕಾಲು ಬಗ್ಗುವುದಿಲ್ಲ, ಹಿಂದುಗಡೆ ಒಂದು ಸ್ಟೂಲಾದರೂ ಇಟ್ಟಿರುತ್ತೀರಲ್ಲ ಎಂದು ಕೇಳಿದರು. ಈಗಿನ ಮನೆಗೆ ಹಿಂದುಗಡೆ ಎಂಬುದೇ ಇಲ್ಲ ಅಕ್ಕ, ಮೇಜಿನ ಬಳಿ ನನ್ನ ಪಕ್ಕದಲ್ಲಿ ಕುರ್ಚಿ ಇದೆ ಎಂದು ಹೇಳಿ ಬಂದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಮಂಗಳೂರು